ಉಪವಾಸ, ಪ್ರಾರ್ಥನಿ ಪಾಸ್ಟರ್ ಮಂದಿ ಕೆಲಸ ಅಷ್ಟೇ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಬೀದರದ ಮಂಗಲಪೇಟಿಯಾಂವ, ಬೀದರ್-ಕಲಬುರಗಿ ರೂಟಿನ ಮ್ಯಾಲ ಸರ್ಕಾರಿ ಬಸ್ ಕಂಡಕ್ಟರ್, ಹುಟ್ಟಿದಾಗಿಂದ ಕ್ರೈಸ್ತರೊಳಗಿನ ಮೆಥೋಡಿಸ್ಟ್ ಸಭೆದವ. ಲೆಂಟ್, ಅಂದ್ರ ಈಸ್ಟರ್ ಮುಂಚಿನ ನಮ್ಮ ಉಪವಾಸದ ಕಾಲ, ಬಂತಂದ್ರ ಪೇಪರಿನಾಗ ಬೂದಿ ಬುಧವಾರದ ಫೋಟೊ ಬರ್ತದ, ಆಮ್ಯಾಲ ಒಮ್ಮೆಲೆ ಗುಡ್ ಫ್ರೈಡೆ, ಈಸ್ಟರ್ ಸುದ್ದಿ ಬರ್ತದ, ಅದು ಛಲೋನೇ ಅದಾ, ಆದ್ರ ನಡುವಿನ 40 ದಿನ ಮನಿಯೊಳಗ ಒಬ್ಬ ಸಾದಾ ಕ್ರೈಸ್ತ ಏನ್ ಮಾಡ್ತಾನ ಅನ್ನೋದು ಎಲ್ಲೂ ಬರಲ್ಲ, ಖರೇ ಹೇಳ್ಬೇಕಂದ್ರ ನಮ್ಮ ಸಭೆಗಳಾಗೂ ಆ ಮಾತು ಕಡಿಮಿ ಆಗ್ಯಾದ. ಅದಕ್ಕೇ ಈ ಪತ್ರ ಬರಿಲತ್ತೀನಿ.

ಮೊನ್ನೆ ನಮ್ಮ ಓಣ್ಯಾಗಿನ ಕಾಲೇಜ್ ಹುಡುಗ ಕೇಳ್ದ, "ಮಾಮಾ, ಯೇಸುಸ್ವಾಮಿ ಶಿಲುಬಿ ಮ್ಯಾಲ ಎಲ್ಲಾ ಮುಗಿಸ್ಯಾರಲ್ಲ, ಮತ್ತ ನಮಗ ಉಪವಾಸ ಯಾಕ ಬೇಕು, ಅದು ಪಾಸ್ಟರ್ ಮಂದಿ ಕೆಲಸ" ಅಂತ. ಒಂದು ಕಡಿ ಹಿಂಗ. ಇನ್ನೊಂದು ಕಡಿ ನೋಡಿದ್ರ ಇಷ್ಟು ದಿನ ಉಪವಾಸ ಪ್ರಾರ್ಥನಿ ಮಾಡ್ರಿ ನೌಕರಿ ಸಿಗ್ತದ, ವೀಸಾ ಬರ್ತದ, ಮಗಳ ಲಗ್ನ ಆಗ್ತದ ಅಂತ ಬ್ಯಾನರ್ ಹಚ್ಚೋದು. ಕಷ್ಟದಾಗ ದೇವರನ್ನ ಬೇಡ್ಕೊಳ್ಳೋದು ತಪ್ಪಲ್ಲ, ನಾನೂ ಬೇಡ್ಕೊಂಡೀನಿ. ಆದ್ರ ಉಪವಾಸನ ಅಡ್ವಾನ್ಸ್ ಕೊಟ್ಟಂಗ ಕೊಟ್ಟು ಕೆಲಸ ಮಾಡ್ಸಿಕೊಳ್ಳೋದು ತಂದಿ ಸಂಗಟ ಚೌಕಾಶಿ ಮಾಡ್ದಂಗ ಆಗ್ತದ, ಅದು ನಮ್ಮ ಹಿರೇರು ಕಲ್ಸಿದ್ದಲ್ಲ.

ಬೈಬಲಿನಾಗ ಮತ್ತಾಯ 6ನೇ ಅಧ್ಯಾಯ ತೆಗದು ನೋಡ್ರಿ. ದಾನ, ಪ್ರಾರ್ಥನಿ, ಉಪವಾಸ ಮೂರೂ ಒಂದೇ ಕಡಿ ಅವ. ಅಲ್ಲಿ ಸ್ವಾಮಿ ನೀವು ಉಪವಾಸ ಮಾಡಿದ್ರ ಅನ್ನಲ್ಲ, ಮಾಡುವಾಗ ಅಂತಾರ, ಅಂದ್ರ ಶಿಷ್ಯರು ಮಾಡೇ ಮಾಡ್ತಾರ ಅಂತ ಹಿಡಕೊಂಡೇ ಮಾತಾಡ್ಯಾರ. ಮೂರಕ್ಕೂ ಒಂದೇ ಕರಾರು, ಮಂದಿಗಿ ಕಾಣಬಾರದು. ಕೋಣಿಯೊಳಗ ಹೋಗಿ ಬಾಗಲಾ ಹಾಕ್ಕೊಂಡು ಪ್ರಾರ್ಥನಿ ಮಾಡು ಅಂತಾರ.

ಆದ್ರ ನಮ್ಮಂಥವರ ಮನಿಯಾಗ ಬ್ಯಾರೆ ಕೋಣಿ ಎಲ್ಲಿಂದ ಬರಬೇಕು? ನಮ್ಮ ಆಯಿ ಇದ್ದಿದ್ದು ಒಂದೇ ಅಂಕಣದ ಮನಿ, ಅದ್ರಾಗೇ ಒಲಿ, ಅದ್ರಾಗೇ ಹಾಸಿಗಿ, ಏಳು ಮಂದಿ ನಾವು. ನಸುಕಿನಾಗ ಎದ್ದು ಒಲಿ ಮುಂದ ಕುಂತು ಸೆರಗು ಪೂರಾ ಮುಖದ ಮ್ಯಾಲ ಎಳ್ಕೊಂಡ್ಳಂದ್ರ ಆಗ ಯಾರೂ ಆಕಿಗಿ ಮಾತಾಡಿಸ್ತಿದ್ದಿಲ್ಲ, ಸಣ್ಣ ಕೂಸು ಅತ್ತರೂ ಅವ್ವ ಎದ್ದು ಎತ್ಕೋತಿದ್ಳು. ಸೆರಗೇ ಆಕಿ ಕೋಣಿ, ಸೆರಗೇ ಬಾಗಲಾ. ಒಳಗಿಂದ ಪಿಸುಮಾತು ಕೇಳ್ತಿತ್ತು, ಒಬ್ಬೊಬ್ಬರದೇ ಹೆಸರು ತೊಗೋತಿದ್ಳು, ನನ್ನ ಹೆಸರು ಬರೋತನ ನಾನು ಹಾಸಿಗ್ಯಾಗ ಕಣ್ಣು ಮುಚ್ಕೊಂಡು ಕಾಯ್ತಿದ್ದೆ. ಮುಂದ ದೊಡ್ಡವ ಆದ ಮ್ಯಾಲ ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ ಅವರ ತಾಯಿ ಸುಸಾನಾ ವೆಸ್ಲಿ ಬಗ್ಗೆ ಕೇಳ್ದೆ, 19 ಮಕ್ಕಳ ಹಡದಾಕಿ, ಗದ್ದಲದ ಮನಿಯಾಗ ಏಪ್ರನ್ ತಲಿ ಮ್ಯಾಲ ಹಾಕ್ಕೊಂಡು ಪ್ರಾರ್ಥನಿ ಮಾಡ್ತಿದ್ದರಂತ. ನನಗ ಕಣ್ಣಾಗ ನೀರೇ ಬಂದ್ವು, ಯಾಕಂದ್ರ ನಮ್ಮ ಆಯಿಗಿ ಆ ತಾಯಿ ಹೆಸರೂ ಗೊತ್ತಿದ್ದಿಲ್ಲ.

ಆಯಿಗಿ ಓದ್ಲಾಕೂ ಬರ್ತಿದ್ದಿಲ್ಲ. ಪೂರಾ ಕನ್ನಡ ಬೈಬಲ್ ಬಳ್ಳಾರಿದಾಗ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮಿಯಿಂದ 1831ಕ್ಕೇ ಬಂದದ, ಆದ್ರ ಅದು ಆಕಿ ಕೈಗಿ ಬಂದಿದ್ದು ಕಿವಿಯಿಂದ. ಭಾನುವಾರ ಕೇಳಿದ ಒಂದು ವಚನ ಹಿಡ್ಕೊಂಡು ವಾರಗಟ್ಟಲೆ ಜೋಳ ಹಸನ ಮಾಡುವಾಗೆಲ್ಲಾ ಅದನ್ನೇ ಅಂತಿದ್ಳು. ನಮ್ಮ ಬಸವಕಲ್ಯಾಣದಾಗ ಶರಣರು ಕಾಯಕದ ಮಾತಾಡಿದ ಅದೇ 12ನೇ ಶತಮಾನದಾಗ ಫ್ರಾನ್ಸಿನಾಗ ಗ್ವಿಗೋ ಅನ್ನೋ ಸನ್ಯಾಸಿ ಬೈಬಲ್ ಹೆಂಗ ಓದಬೇಕು ಅಂತ ನಾಕು ಮೆಟ್ಟಲು ಹೇಳ್ಯಾರ, ಓದು, ಮನಸ್ಸಿನಾಗ ಅರೀ, ಪ್ರಾರ್ಥನಿ ಮಾಡು, ಆಮ್ಯಾಲ ದೇವರ ಮುಂದ ಸುಮ್ನೆ ಕುಂದ್ರು. ಆ ಎರಡನೇದಕ್ಕ ಹಳೇ ಸನ್ಯಾಸಿಗಳು ದನ ಮೆಲುಕು ಹಾಕೋದನ್ನೇ ಹೋಲಿಸ್ತಿದ್ರು, ನಮ್ಮ ಹಳ್ಳಿ ಮಂದಿಗಿ ಇದನ್ನ ಬಿಡ್ಸಿ ಹೇಳೋ ಗರಜೇ ಇಲ್ಲ. ನಾನು ಒಂದು ವಚನ ಚೀಟಿ ಮ್ಯಾಲ ಬರದು ಅಂಗಿ ಕಿಸೆದಾಗ ಇಟ್ಕೋತೀನಿ. ಬೈಬಲಿನಾಗಿನ ದಾನಿಯೇಲ ದಿನಕ್ಕ ಮೂರು ಸಲ ಮೊಣಕಾಲೂರಿದ್ದ, ನನಗ ಬಸ್ಸಿನಾಗ ಮೊಣಕಾಲೂರ್ಲಾಕ ಆಗಲ್ಲ, ಆದ್ರ ಹುಮನಾಬಾದ್, ಕಮಲಾಪುರ, ಕಲಬುರಗಿ ಮೂರೂ ಸ್ಟ್ಯಾಂಡಿನಾಗ ಬಸ್ ನಿಂತಾಗ ಚೀಟಿ ತೆಗದು ನೋಡ್ತೀನಿ, ಒಂದು ನಿಮಿಷ ಅಷ್ಟೇ.

ರಾತ್ರಿದು ಇನ್ನೊಂದು ಅದಾ, ಅದನ್ನ ಸ್ವಲ್ಪ ಬಿಡ್ಸಿ ಹೇಳ್ತೀನಿ. 1521ರಾಗ ಸ್ಪೇನಿನ ಲಡಾಯಿದಾಗ ತೋಪಿನ ಗುಂಡು ಬಡದು ಕಾಲು ಮುರದು ಹಾಸಿಗಿ ಹಿಡದ ಇಗ್ನೇಷಿಯಸ್ ಲೊಯೋಲಾ ಮುಂದ ಸಂತರಾದ್ರು, ದಿನದ ಲೆಕ್ಕ ದೇವರ ಮುಂದ ಒಪ್ಪಿಸೋದನ್ನ ಅವರು ಕಲ್ಸಿದ್ರು. ಮೊದಲು ಉಪಕಾರ ನೆನಸೋದು, ಬೆಳಕು ಬೇಡೋದು, ಮುಂಜಾನಿಂದ ಆಗಿದ್ದೆಲ್ಲಾ ತಿರುಗಿ ನೋಡೋದು, ತಪ್ಪಿಗಿ ಕ್ಷಮಾ ಕೇಳೋದು, ನಾಳಿಗಿ ಏನು ಅಂತ ಗಟ್ಟಿ ಮಾಡ್ಕೊಳ್ಳೋದು. ಅವರು ಕ್ಯಾಥೋಲಿಕರು, ನಾವು ಮೆಥೋಡಿಸ್ಟ್, ಛಲೋದು ಯಾರ ಮನ್ಯಾಗಿದ್ರೂ ಛಲೋನೇ. ನಮಗ ಕಂಡಕ್ಟರ್ ಮಂದಿಗಿ ಇದು ಲಗೂ ತಿಳೀತದ, ಡಿಪೋದಾಗ ದಿನಾ ವೇಬಿಲ್ ಕೊಡ್ತೀವಲ್ಲ, ಮಷಿನ್ ಟೋಟಲ್ಲೂ ಚೀಲದಾಗಿನ ರೊಕ್ಕನೂ ತಾಳೆ ಆಗೋತನ ಮನಿಗಿ ಹೋಗಂಗಿಲ್ಲ.

ಒಂದಿನ ಹಂಗ ಕುಂತಾಗ ಒಬ್ಬ ಮುದುಕಪ್ಪ ನೆನಪಿಗಿ ಬಂದ. ಹುಮನಾಬಾದದಾಗ ಹತ್ತಿದ್ದ, ಚಿಲ್ಲರ ಇದ್ದಿಲ್ಲ, ಟಿಕೆಟ್ ಹಿಂದ 60 ಅಂತ ಬರದು ಆಮ್ಯಾಲ ತೊಗೊಳ್ರಿ ಅಂದಿದ್ದೆ. ಕಮಲಾಪುರದಾಗ ಗದ್ದಲದಾಗ ಇಳದು ಹೋದ. ಇಳಿಯುವಾಗ ನಾನು ಅವನ ಟವಲ್ ನೋಡಿದ್ದೆ ಸಾಹೇಬ್ರೆ, ಕರೀಬಹುದಿತ್ತು, ಕರೀಲಿಲ್ಲ. ಅದು ಮರ್ತು ಆಗಿದ್ದಲ್ಲ ಅಂತ ಆ ರಾತ್ರಿ ದೇವರ ಮುಂದ ಕುಂತಾಗೇ ನನಗ ಗೊತ್ತಾಗಿದ್ದು, ಅಲ್ಲಿತನ ಮರ್ತೆ ಅಂತನೇ ಅಂದ್ಕೊಂಡಿದ್ದೆ. ಐದು ದಿನ ಕಮಲಾಪುರದಾಗ ಬಾಗಲಾದಾಗ ನಿಂತು ಹುಡುಕ್ದೆ, ಆರನೇ ದಿನ ಬಾಳೆಹಣ್ಣಿನ ಬಂಡಿ ಹತ್ರ ಸಿಕ್ಕ. ರೊಕ್ಕ ಕೈಯಾಗಿಟ್ಟು ಕ್ಷಮಾ ಮಾಡ್ರಿ ಅಂದೆ. ಅವ ಏನೂ ಅನ್ನಲಿಲ್ಲ, ನನ್ನ ಭುಜಾ ಮುಟ್ಟಿ ಹೋದ. ಹತ್ತು ಪ್ರಸಂಗ ಕೇಳಿದ್ರೂ ನನ್ನೊಳಗಿನ ಆ ಕಳ್ಳತನ ನನಗ ಕಾಣ್ತಿದ್ದಿಲ್ಲ.

ಇನ್ನ ಉಪವಾಸ. ಬುಧವಾರ, ಶುಕ್ರವಾರ ಉಪವಾಸ ಇರೋದು ಆದಿ ಸಭೆ ಕಾಲದ್ದು, ವೆಸ್ಲಿ ಅವರು ಅದನ್ನೇ ಮತ್ತ ಹಿಡದ್ರು, ಮಧ್ಯಾಹ್ನ ದಾಟೋತನ ಊಟ ಬಿಡ್ತಿದ್ರು. ಮೆಥೋಡಿಸ್ಟ್ ಅನ್ನೋ ಹೆಸರೇ ಹಿಂಗ ಕಟ್ಟುನಿಟ್ಟಾಗಿ ಇರ್ತಾರಂತ ಮಂದಿ ಇಟ್ಟಿದ್ದು. 2025ರಾಗ ರಂಜಾನ್, ಲೆಂಟ್ ಒಂದೇ ವಾರದಾಗ ಶುರುವಾದ್ವು, ನನ್ನ ಸಂಗಟ ಡ್ರೈವರ್ ಭಾಯ್ ರೋಜಾ ಇದ್ದ, ಮಾರ್ಚ್ ಬಿಸಲಾಗ ಗುಟುಕು ನೀರಿಲ್ದೆ ಸ್ಟೇರಿಂಗ್ ಹಿಡದಾಂವ. ಶುಕ್ರವಾರ ಹುಮನಾಬಾದ್ ಸ್ಟ್ಯಾಂಡಿನಾಗ ಮಗ್ರಿಬ್, ಅಂದ್ರ ರೋಜಾ ಬಿಡೋ ಹೊತ್ತು, ಆಯ್ತು, ಅವ ಖರ್ಜೂರ ತೆಗದು ಮೊದಲು ನನ್ನ ಕೈಯಾಗಿಟ್ಟ, ನೀನೂ ಇವತ್ತ ಉಪಾಸ ಇದ್ದೀ ಅಲ್ಲ ಅಂದ. ನಾನು ಹೇಳಿದ್ದೇ ಇಲ್ಲ, ಚಹಾ ಬ್ಯಾಡ ಅಂದಿದ್ದು ನೋಡಿ ತಿಳ್ಕೊಂಡಿದ್ದ. ಉಪವಾಸದ ದಿನ ಉಳಿದ ಊಟದ ರೊಕ್ಕ ಹಸದವರಿಗಿ ಹೋಗಬೇಕು, ಬೈಬಲಿನ ಯೆಶಾಯ 58ನೇ ಅಧ್ಯಾಯ ಹೇಳೋದು ಅದೇ, ಹಸದವರಿಗಿ ಅನ್ನ ಹಂಚೋದೇ ದೇವರಿಗಿ ಬೇಕಾದ ಉಪವಾಸ. ನಮ್ಮ ಆಯಿ ದಿನಾ ಹಿಟ್ಟು ನಾದೋ ಮುಂಚಿ ಒಂದು ಹಿಡಿ ಬ್ಯಾರೆ ಡಬ್ಬಿಗಿ ಹಾಕ್ತಿದ್ಳು. ಶುಗರ್ ಇದ್ದವರು, ಬಸುರಿದ್ದವರು, ಗುಳಿಗಿ ನುಂಗೋರು ಊಟ ಬಿಡಬ್ಯಾಡ್ರಿ, ಮೊಬೈಲ್ ಬಿಡ್ರಿ, ಯಾರಿಗೋ ಬಯ್ಯೋದು ಬಿಡ್ರಿ.

ಸಬ್ಬತ್ತಿನ ಮಾತು ಜಾಸ್ತಿ ಹೇಳಲ್ಲ, ಡ್ಯೂಟಿ ಭಾನುವಾರ ಬಿದ್ರ ನನ್ನ ವೀಕ್ಲಿ ಆಫ್ ಮಂಗಳವಾರನೇ ನನ್ನ ವಿಶ್ರಾಂತಿ ದಿನ, ಅವತ್ತ ಓಟಿ ಕರದ್ರೂ ಹೋಗಲ್ಲ.

ಇವೆಲ್ಲಾ ಒಬ್ಬನೇ ಮಾಡ್ಲಾಕ ಹೋದ್ರ ಹದಿನೈದು ದಿನಕ್ಕ ಬಿಟ್ಟು ಹೋಗ್ತವ, ನನಗ ಎರಡು ಸಲ ಹಂಗ ಆಗ್ಯಾದ. ಅದಕ್ಕೇ ಹಿರೇರು ಕ್ಲಾಸ್ ಮೀಟಿಂಗ್ ಇಟ್ಟಿದ್ರು. ಅದು ಹುಟ್ಟಿದ್ದೂ ಸಾಲದಿಂದ, 1742ರಾಗ ಬ್ರಿಸ್ಟಲ್ ಊರಾಗ ಪ್ರಾರ್ಥನಾ ಮನಿ ಕಟ್ಟಿದ ಸಾಲ ತೀರ್ಸಲಾಕ ಹನ್ನೆರಡು ಹನ್ನೆರಡು ಮಂದಿಗಿ ಒಬ್ಬ ಮುಖ್ಯಸ್ಥನ ಮಾಡಿ ವಾರಕ್ಕ ಒಂದೊಂದು ಪೆನ್ನಿ ಕೂಡ್ಸಲಾಕ ಹತ್ತಿದ್ರು. ಮನಿ ಮನಿಗಿ ಹೋದಾಗ ಅವರಿಗಿ ಯಾರ ಮನಿಯಾಗ ಕುಡಿತ ಅದಾ, ಯಾರಿಗಿ ದುಃಖ ಅದಾ ಗೊತ್ತಾಗ್ಲಾಕ ಹತ್ತಿತು, ಹಿಂಗಾಗಿ ರೊಕ್ಕದ ಕೂಟ ಆತ್ಮದ ಕೂಟ ಆಯ್ತು. ನಮ್ಮಲ್ಲಿ ಈಗ ಪಾಸ್ಟರ್ ಒಬ್ಬರೇ ಎಷ್ಟು ಮನಿಗಿ ಹೋದಾರು? ತೆಲಂಗಾಣದಾಗಿನ ನಮ್ಮ ಮೆಥೋಡಿಸ್ಟರ ಧಾರೂರು ಜಾತ್ರಿಗಿ ಒಟ್ಟಾಗಿ ಹೋಗೋ ಉಮೇದಿ ನಮ್ಮ ಮಂದ್ಯಾಗ ಎಷ್ಟದ ಅಂತ ನನಗ ಗೊತ್ತದ, ಅದರಾಗ ಅರ್ಧ ಉಮೇದಿ ಇದಕ್ಕಿದ್ರ ಸಾಕು. ಸಭೆ ಹಿರೇರಿಗಿ ಕೈ ಮುಗದು ಕೇಳ್ಕೋತೀನಿ, ಈ ಲೆಂಟಿನಾಗ ದೊಡ್ಡ ಸ್ಪೀಕರ್ ತರಿಸೋ ಬದಲು ಓಣಿಗೊಂದು ಹತ್ತ್ಹನ್ನೆರಡು ಮಂದಿ ಕೂಟ ಮಾಡ್ರಿ, ಸಭೆದ ಪೂರಾ ಸದಸ್ಯರಾಗ್ಲಾಕ ದೃಢೀಕರಣದ ಕ್ಲಾಸಿಗಿ ಬರೋ ಹುಡುಗರಿಗಿ ರಾತ್ರಿ ಲೆಕ್ಕ ಒಪ್ಪಿಸೋದು ಒಂದಾದ್ರೂ ಕಲ್ಸ್ರಿ. ನಾವು ನಾಕು ಮಂದಿ ಶುರು ಮಾಡೀವಿ, ಒಬ್ಬ ಗೌಂಡಿ, ಒಬ್ಬ ನರ್ಸಮ್ಮ, ಆ ಪ್ರಶ್ನಿ ಕೇಳಿದ ಹುಡುಗ, ನಾನು. ಮಂಗಳವಾರ ರಾತ್ರಿ 8ಕ್ಕ ಕುಂದರ್ತೀವಿ, ಮೈಕ್ ಇಲ್ಲ, ಒಬ್ಬೊಬ್ಬರಿಗಿ ಒಂದೇ ಮಾತು ಕೇಳ್ತೀವಿ, ಈ ವಾರ ನಿನ್ನ ಆತ್ಮ ಹೆಂಗದ ಅಂತ. ಮೊದಲ ವಾರ ಗೌಂಡಿ ಅಣ್ಣ ಅರ್ಧ ತಾಸು ಸುಮ್ನೆ ಕುಂತಿದ್ದ, ನಾವೂ ಸುಮ್ನೆ ಕುಂತಿದ್ವಿ, ಆಮ್ಯಾಲ ಮಾತಾಡ್ಲಾಕ ಶುರು ಮಾಡ್ದ.

ಇಂತಿ,
ಒಬ್ಬ ಬಸ್ ಕಂಡಕ್ಟರ್
ಮಂಗಲಪೇಟೆ, ಬೀದರ್