ಹಿಮದ ಗೊಂಬೆಗಳನ್ನು ಒಡೆದ ಹುಡುಗಿ: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಕಳಿಸಿದ ಹನ್ನೊಂದು ಪುಟ ಎರಡು ಸಲ ಓದಿದೆ. ಮೊದಲ ಸಲ ಒಂದೇ ಉಸಿರಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹಾಲಿವುಡ್ಡಿನಿಂದ ಬಂದ ಹಾಡು, ಕುಣಿತ, ನಗೆಯ ಸಿನಿಮಾಗಳ ಮೇಲೆ ನಿನ್ನ ವಯಸ್ಸಿನವಳಿಗೆ ಇಷ್ಟು ಆಸೆ ಹುಟ್ಟಿದ್ದು ಕಂಡು ಖುಷಿಯಾಯಿತು. ಬರವಣಿಗೆ ಚೆನ್ನಾಗಿದೆ. ಆದರೆ ಮೂರನೇ ಪುಟದಲ್ಲಿ ನನ್ನ ಪೆನ್ಸಿಲ್ ನಿಂತುಬಿಟ್ಟಿತು. ‘ಇವು ಪಲಾಯನವಾದಿ ಚಿತ್ರಗಳೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು’ ಅಂತ ಬರೆದಿದ್ದೀಯ. ಯಾರು ಕೇಳಿದ್ದರು ಈ ಒಪ್ಪಿಗೆಯನ್ನು? ನಿನಗೆ ಇಷ್ಟವಾದದ್ದಕ್ಕೆ ಮೊದಲೇ ಕ್ಷಮೆ ಕೇಳಿ, ಆಮೇಲೆ ಹೊಗಳಲು ಹೊರಟಿದ್ದೀಯ. ಆ ಒಂದು ವಾಕ್ಯದ ಭಾರಕ್ಕೆ ಮುಂದಿನ ಎಂಟು ಪುಟಗಳೂ ಬಾಗಿವೆ.

ಆ ಪದವನ್ನು ತೆಗೆದುಹಾಕು. ಅದು ತಪ್ಪು ಅಂತಲ್ಲ, ಅದನ್ನು ಬರೆದ ಮೇಲೆ ನೋಡುವುದು ನಿಂತುಹೋಗುತ್ತದೆ ಅಂತ.

ನೀನು ಆರು ಸಾಲಿನಲ್ಲಿ ಮುಗಿಸಿರುವ ‘ಮೀಟ್ ಮಿ ಇನ್ ಸೇಂಟ್ ಲೂಯಿಸ್’ ಚಿತ್ರದ ಬಳಿ ಸ್ವಲ್ಪ ಕೂತುಕೊಳ್ಳೋಣ. ನಾನು ಅದನ್ನು ನೋಡಿದ್ದು ತೊಂಬತ್ತರ ದಶಕದಲ್ಲಿ. ಮನೆಗೆ ಕೇಬಲ್ ಬಂದ ಹೊಸತು. ಹಗಲೆಲ್ಲ ಮಕ್ಕಳಿಗೆ ಕಾರ್ಟೂನು ತೋರಿಸುತ್ತಿದ್ದ ಚಾನೆಲ್ಲು ರಾತ್ರಿಯಾದರೆ ಟಿಎನ್‌ಟಿ ಆಗಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋದ ಹಳೇ ಚಿತ್ರಗಳನ್ನು ಹಾಕುತ್ತಿತ್ತು. ಮನೆಯವರೆಲ್ಲ ಮಲಗಿದ ಮೇಲೆ ದನಿ ತಗ್ಗಿಸಿಕೊಂಡು ನೋಡುತ್ತಿದ್ದೆ. ಈ ಚಿತ್ರ ತೆರೆಗೆ ಬಂದದ್ದು 1944ರ ನವೆಂಬರಿನಲ್ಲಿ. ಕಥೆ ನಡೆಯುವುದು 1903-04ರಲ್ಲಿ. ಅಂದರೆ ಇದರಲ್ಲಿ ಯುದ್ಧ ಇಲ್ಲವೇ ಇಲ್ಲ. ಒಂದು ಸಮವಸ್ತ್ರ ಇಲ್ಲ, ಒಂದು ತಂತಿ ಸುದ್ದಿ ಇಲ್ಲ. ಒಂದು ದೊಡ್ಡ ಮನೆ, ಅಕ್ಕತಂಗಿಯರು, ಅಡುಗೆಮನೆಯಲ್ಲಿ ಕುದಿಯುವ ಸಾಸು, ಟ್ರಾಲಿ ಬಂಡಿಯಲ್ಲಿ ಒಂದು ಹಾಡು. ಅಪ್ಪನಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿದೆ, ಊರು ಬಿಡಬೇಕು. ಇಷ್ಟೇ ಸಂಕಟ.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ. ಪುಟ್ಟ ತಂಗಿ ಟೂಟಿ ಕಿಟಕಿ ಹತ್ತಿರ ಕೂತಿದ್ದಾಳೆ. ಅಕ್ಕ ಅವಳನ್ನು ಸಮಾಧಾನ ಮಾಡಲು ಹಾಡುತ್ತಾಳೆ. ಅಕ್ಕನಾಗಿ ಜೂಡಿ ಗಾರ್ಲೆಂಡ್, ತಂಗಿಯಾಗಿ ಏಳು ವರ್ಷದ ಮಾರ್ಗರೆಟ್ ಓಬ್ರಿಯನ್. ಹಾಡು ಮುಗಿಯುತ್ತಿದ್ದಂತೆ ಮಗು ರಾತ್ರಿ ಉಡುಪಿನಲ್ಲೇ ಹೊರಗೆ ಓಡುತ್ತದೆ. ಅಂಗಳದಲ್ಲಿ ತಾವೇ ಮಾಡಿ ನಿಲ್ಲಿಸಿದ್ದ ಹಿಮದ ಗೊಂಬೆಗಳನ್ನು ಬಿಕ್ಕಿಬಿಕ್ಕಿ ಅಳುತ್ತಾ ಹೊಡೆದು ಉರುಳಿಸುತ್ತದೆ. ನಾವು ಕರೆದುಕೊಂಡು ಹೋಗಲಾರದಿದ್ದರೆ ಇವು ಯಾರಿಗೂ ಸಿಗಬಾರದು ಅನ್ನುತ್ತದೆ. ಮೇಲಿನ ಕಿಟಕಿಯಲ್ಲಿ ಅಪ್ಪ ನಿಂತಿದ್ದಾನೆ.

ಈಗ ಆ ಚಳಿಗಾಲದ ಅಮೆರಿಕದ ಯಾವುದೋ ಊರಿನ ಚಿತ್ರಮಂದಿರವನ್ನು ನೆನೆಸಿಕೋ. ಮಗನೋ ಗಂಡನೋ ಯುರೋಪಿನಲ್ಲಿ, ಇಲ್ಲವೇ ಪೆಸಿಫಿಕ್ಕಿನ ದ್ವೀಪವೊಂದರಲ್ಲಿ ಇದ್ದಾನೆ. ಆ ಡಿಸೆಂಬರಿನಲ್ಲೇ ಆರ್ಡೆನ್ ಕಾಡಿನಲ್ಲಿ ಜರ್ಮನರು ದಾಳಿಗೆ ಇಳಿದರು. ಮನೆಯೊಂದು ಚದುರಿಹೋಗುವ ಭಯ, ಮುಂದಿನ ವರ್ಷ ಎಲ್ಲರೂ ಒಟ್ಟಿಗೆ ಇರುತ್ತೇವೋ ಇಲ್ಲವೋ ಎಂಬ ಭಯ. ಟೂಟಿ ಒಡೆದದ್ದು ಏನನ್ನು ಅಂತ ಅಲ್ಲಿ ಕೂತಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯುದ್ಧವನ್ನು ಮರೆಯಲು ಬಂದವರಲ್ಲ ಅವರು. ಯುದ್ಧವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಚಿತ್ರ ಆ ಗಂಟನ್ನು ಬಿಚ್ಚಲಿಲ್ಲ, ಬಿಚ್ಚು ಅಂತ ಒತ್ತಾಯಿಸಲೂ ಇಲ್ಲ. ಅದನ್ನು ಇಳಿಸಿಕೊಂಡು ಕೂರಲು ಒಂದಿಷ್ಟು ಜಾಗ ಕೊಟ್ಟಿತು.

ಆ ಹಾಡು ಬದಲಾದ ಬಗೆ ಬರೆಯುವವರಿಗೆ ದೊಡ್ಡ ಪಾಠ. ಹ್ಯೂ ಮಾರ್ಟಿನ್ ಮತ್ತು ರಾಲ್ಫ್ ಬ್ಲೇನ್ ಹೆಸರಿನಲ್ಲಿರುವ ಹಾಡು ಅದು. ಮೊದಲ ಕರಡಿನಲ್ಲಿ, ಈ ಹಬ್ಬ ಆಚರಿಸಿಕೋ, ಬಹುಶಃ ಇದೇ ನಿನಗೆ ಕೊನೆಯದು ಎಂಬ ಅರ್ಥದ ಸಾಲಿತ್ತು. ಗಾರ್ಲೆಂಡ್ ಒಪ್ಪಲಿಲ್ಲ. ಅಳುವ ಮಗುವಿನ ಮುಂದೆ ಇದನ್ನು ಹಾಡಿದರೆ ಜನ ತನ್ನನ್ನು ರಾಕ್ಷಸಿ ಅಂದುಕೊಳ್ಳುತ್ತಾರೆ ಅಂದಳು. ಸಾಲು ಬದಲಾಯಿತು. ಚಿತ್ರದಲ್ಲಿ ಉಳಿದದ್ದು ಇದು: ವಿಧಿ ಬಿಟ್ಟರೆ ಒಂದು ದಿನ ಎಲ್ಲರೂ ಸೇರುತ್ತೇವೆ, ಅಲ್ಲಿಯವರೆಗೆ ಹೇಗೋ ಏಗಿಕೊಂಡು ಹೋಗಬೇಕು. ಮುಂದೆ 1957ರಲ್ಲಿ ಫ್ರಾಂಕ್ ಸಿನಾತ್ರಾ ತನ್ನ ಧ್ವನಿಮುದ್ರಿಕೆಗೆ ಇನ್ನಷ್ಟು ಸಂತೋಷದ ಸಾಲು ಬೇಕೆಂದಾಗ, ಏಗುವ ಮಾತು ಹೋಗಿ, ಎತ್ತರದ ಕೊಂಬೆಗೆ ಹೊಳೆಯುವ ನಕ್ಷತ್ರ ಕಟ್ಟು ಎಂಬ ಸಾಲು ಬಂತು.

ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡು. ಮೊದಲನೆಯದರಲ್ಲಿ ಬರೆದವನು ದುಃಖವನ್ನೆಲ್ಲ ತಾನೇ ಹೇಳಿಬಿಟ್ಟಿದ್ದಾನೆ, ಕೇಳುವವಳಿಗೆ ಏನೂ ಉಳಿದಿಲ್ಲ. ಕೊನೆಯದರಲ್ಲಿ ದುಃಖವೇ ಇಲ್ಲ. ನಡುವಿನದರಲ್ಲಿ ‘ಹೇಗೋ’ ಅನ್ನುವ ಒಂದೇ ಪದದೊಳಗೆ ಎಲ್ಲವೂ ಇದೆ. ನಾನು ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ, ನನ್ನ ಎಷ್ಟೋ ಕರಡುಗಳು ಆ ಮೊದಲನೆಯ ಸಾಲಿನಲ್ಲೇ ಸಿಕ್ಕಿಕೊಂಡಿದ್ದವು. ನಿನ್ನ ಲೇಖನವೂ ಅಲ್ಲಲ್ಲಿ ಹಾಗೇ ಇದೆ. ಐದನೇ ಪುಟದಲ್ಲಿ ‘ಯುದ್ಧದ ಕರಾಳ ಛಾಯೆ’ ನಾಲ್ಕು ಸಲ ಬಂದಿದೆ. ಓದುವವನಿಗೆ ಯುದ್ಧ ಅಂದರೇನು ಅಂತ ಗೊತ್ತು. ಅವನು ತಂದ ಗಂಟು ಅವನ ಹತ್ತಿರ ಇರಲಿ.

ಇನ್ನು ನೀನು ಏಳನೇ ಪುಟದಲ್ಲಿ ಎತ್ತಿದ ಪ್ರಚಾರದ ಮಾತು. ಅಮೆರಿಕದ ಯುದ್ಧ ಮಾಹಿತಿ ಕಚೇರಿ 1942ರಲ್ಲಿ ಸ್ಟುಡಿಯೋಗಳಿಗೊಂದು ಕೈಪಿಡಿ ಕೊಟ್ಟು, ಈ ಚಿತ್ರದಿಂದ ಯುದ್ಧ ಗೆಲ್ಲಲು ನೆರವಾಗುತ್ತದೆಯೇ ಅಂತ ಮೊಟ್ಟಮೊದಲು ಕೇಳಿಕೊಳ್ಳಿ ಅಂದದ್ದು ನಿಜ. ಅದನ್ನು ನೀನು ಹುಡುಕಿ ತೆಗೆದದ್ದು ಒಳ್ಳೆಯದೇ. ಆದರೆ ಅದರಿಂದ ಎಲ್ಲವೂ ಪ್ರಚಾರ ಅಂತ ತೀರ್ಮಾನಕ್ಕೆ ಹಾರಬೇಡ. ‘ಸ್ಟಾರ್ ಸ್ಪ್ಯಾಂಗಲ್ಡ್ ರಿದಮ್’ ಚಿತ್ರದ ಕೊನೆಯಲ್ಲಿ ಗಾಯಕ-ನಟ ಬಿಂಗ್ ಕ್ರಾಸ್ಬಿ, ಅಧ್ಯಕ್ಷರ ಮುಖಗಳನ್ನು ಕೆತ್ತಿದ ರಶ್‌ಮೋರ್ ಬೆಟ್ಟದ ಮುಂದೆ ಬಾವುಟದ ಹಾಡು ಹಾಡುತ್ತಾನಲ್ಲ, ಅದನ್ನು ಇವತ್ತು ಪೂರ್ತಿ ಕೂತು ನೋಡುವುದು ಕಷ್ಟ. ಕೈಪಿಡಿ ಕೇಳಿದ್ದನ್ನು ಕೇಳಿದ ಹಾಗೇ ಕೊಟ್ಟ ಭಾಗಗಳು ಒಣಗಿಹೋಗಿವೆ. ಯಾವ ಅಧಿಕಾರಿಯೂ ಕೇಳದೇ ಇದ್ದದ್ದು ಹಸಿಯಾಗಿ ಉಳಿದಿದೆ.

ಒಂದು ಉದಾಹರಣೆ ಕೊಡುತ್ತೇನೆ. 1943ರ ‘ದ ಗ್ಯಾಂಗ್ಸ್ ಆಲ್ ಹಿಯರ್’ ಶುರುವಾಗುವುದೇ ಬ್ರೆಜಿಲ್ಲಿನಿಂದ ಬಂದ ಹಡಗಿನಿಂದ. ಬಸ್ಬಿ ಬರ್ಕ್‌ಲಿಯ ನಿರ್ದೇಶನ, ಕಣ್ಣು ಕೋರೈಸುವ ಟೆಕ್ನಿಕಲರ್. ಹಡಗಿನಿಂದ ಸಕ್ಕರೆ ಇಳಿಯುತ್ತದೆ, ಕಾಫಿ ಇಳಿಯುತ್ತದೆ, ರಾಶಿ ರಾಶಿ ಹಣ್ಣು ಇಳಿಯುತ್ತದೆ, ಆ ಹಣ್ಣಿನ ಬುಡದಲ್ಲಿ ನಟಿ ಕಾರ್ಮೆನ್ ಮಿರಾಂಡಾ ಇದ್ದಾಳೆ, ಹಣ್ಣು ಅವಳ ತಲೆಯ ಮೇಲಿನ ಟೋಪಿ! ನೀನು ಇದನ್ನು ‘ಅಬ್ಬರದ ವೈಭವ’ ಅಂದಿದ್ದೀಯ. ಆ ಹೊತ್ತಿಗೆ ಅಲ್ಲಿ ಸಕ್ಕರೆಗೆ ರೇಷನ್ ಕೂಪನ್ನು. ಅದೇ ವರ್ಷದ ಬೇಸಗೆಯವರೆಗೂ ಕಾಫಿಗೂ ಕೂಪನ್ನು ಇತ್ತು. ಕೂಪನ್ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಬಂದ ಗೃಹಿಣಿಗೆ ಆ ಹಡಗಿನಿಂದ ಮೂಟೆ ಇಳಿಯುವುದು ಹೇಗೆ ಕಂಡಿರಬೇಕು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮವರು ಬೈಯುತ್ತಾರೆ. ಆ ಮಲ್ಲಿಗೆ ಮುಡಿದವಳ ಕಡೆಯಿಂದ ಒಂದು ಸಲ ಬರೆದು ನೋಡು. ಸ್ಟುಡಿಯೋಗಳಿಗೂ ಕೊರತೆಯೇ, ಒಂದು ಚಿತ್ರದ ಸೆಟ್ಟಿಗೆ ಹೊಸ ಸಾಮಗ್ರಿ 5,000 ಡಾಲರಿಗಿಂತ ಹೆಚ್ಚು ಕೊಳ್ಳಬಾರದು ಅಂತ ಮಿತಿ ಹಾಕಿದ್ದರು. ಹಳೇ ಹಲಗೆ, ಹಳೇ ಮೊಳೆಯಿಂದ ಎಷ್ಟೋ ಸಂಭ್ರಮ ಎದ್ದು ನಿಂತಿದೆ.

ಕುಣಿತದ ಬಗ್ಗೆ ಒಂದು ಮಾತು. ‘ಅದ್ಭುತ ನೃತ್ಯ’ ಅಂತ ಬರೆದರೆ ಓದುಗನ ಕಣ್ಣಿಗೆ ಏನೂ ಬೀಳುವುದಿಲ್ಲ. 1943ರ ‘ಸ್ಟಾರ್ಮಿ ವೆದರ್’ ಚಿತ್ರದ ಕೊನೆಯ ಭಾಗವನ್ನು ದನಿ ಮುಚ್ಚಿ ನೋಡು, ಆಮೇಲೆ ದನಿ ಹಾಕಿ ನೋಡು. ಕ್ಯಾಬ್ ಕ್ಯಾಲೊವೇ ವಾದ್ಯವೃಂದದ ನಡುವೆ ಕಪ್ಪು ಕುಣಿತಗಾರರಾದ ನಿಕೊಲಸ್ ಸಹೋದರರು, ಫಯಾರ್ಡ್ ಮತ್ತು ಹೆರಾಲ್ಡ್. ದೊಡ್ಡ ಮೆಟ್ಟಿಲುಗಳ ಮೇಲಿಂದ ಇಳಿಯುತ್ತಾರೆ. ಒಬ್ಬ ಮೆಟ್ಟಿಲ ಮೇಲೆ ಎರಡೂ ಕಾಲು ಹಿಂದೆಮುಂದೆ ಚಾಚಿ ನೆಲಕ್ಕೆ ಕೂತಿರುವಾಗ ಇನ್ನೊಬ್ಬ ಅವನ ತಲೆ ದಾಟಿ ಹಾರಿ ಕೆಳಗಿನ ಮೆಟ್ಟಿಲಿಗೆ ಹಾಗೇ ಕಾಲು ಚಾಚಿ ಬೀಳುತ್ತಾನೆ. ಆಮೇಲೆ ಇವನ ಸರದಿ. ಕೈ ಊರದೆ ಏಳುತ್ತಾರೆ. ಕ್ಯಾಮೆರಾ ಅವರ ಕಾಲನ್ನಾಗಲಿ ಮುಖವನ್ನಾಗಲಿ ತುಂಡು ಮಾಡಿ ತೋರಿಸುವುದಿಲ್ಲ, ನೆತ್ತಿಯಿಂದ ಅಂಗಾಲಿನವರೆಗೆ ಇಡೀ ದೇಹ ಕಾಣಿಸುತ್ತದೆ. ಈ ಚಿತ್ರಗಳು ಎಂಬತ್ತು ವರ್ಷವಾದರೂ ನಮ್ಮನ್ನು ಹಿಡಿದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಒಬ್ಬ ಮನುಷ್ಯ ಆ ಹೊತ್ತಿನಲ್ಲಿ ನಿಜವಾಗಿ ಅದನ್ನು ಮಾಡಿದ ಅಂತ ನಮ್ಮ ಕಣ್ಣಿಗೆ ಖಾತ್ರಿಯಾಗುತ್ತದೆ.

ಅದರ ಪಕ್ಕದಲ್ಲೇ ಇರುವ ಕೊಳಕನ್ನೂ ಅಷ್ಟೇ ಹತ್ತಿರದಿಂದ ಬರೆ. ಕಪ್ಪು ಸೈನಿಕರನ್ನು ಬೇರೆ ತುಕಡಿಗಳಲ್ಲಿ ಇಟ್ಟಿದ್ದ ಸೇನೆ ಅದು, 1948ರಲ್ಲಿ ಅಧ್ಯಕ್ಷ ಟ್ರೂಮನ್ ಆದೇಶ ಬರುವವರೆಗೆ. ಲೀನಾ ಹಾರ್ನ್ ಅಂಥ ಕಪ್ಪು ಗಾಯಕಿಯ ಹಾಡುಗಳನ್ನು ಎಂಜಿಎಂ ಚಿತ್ರಗಳಲ್ಲಿ ಕಥೆಗೆ ಅಂಟದಂತೆ ಬೇರೆಯಾಗಿ ಚಿತ್ರಿಸುತ್ತಿದ್ದರು, ದಕ್ಷಿಣದ ರಾಜ್ಯಗಳ ಚಿತ್ರಮಂದಿರದವರು ಕತ್ತರಿಸಿ ತೆಗೆದರೂ ಕಥೆ ಕೆಡದಿರಲಿ ಅಂತ. ‘ಹಾಲಿಡೇ ಇನ್’ ಚಿತ್ರದಲ್ಲಿ ಲಿಂಕನ್ ಜನ್ಮದಿನದ ಹಾಡಿಗೆ ಕ್ರಾಸ್ಬಿ ಕಪ್ಪು ಮನುಷ್ಯನಂತೆ ಕಾಣಲು ಮುಖಕ್ಕೆ ಮಸಿ ಬಳಿದುಕೊಂಡು ಬರುತ್ತಾನೆ. ನನಗೆ ಹೊಟ್ಟೆ ತೊಳಸುತ್ತದೆ ಅದನ್ನು ನೋಡಿದರೆ. ನೀನು ಇದನ್ನು ಕೊನೆಯ ಪುಟದಲ್ಲಿ ‘ಕೆಲವು ಮಿತಿಗಳೂ ಇವೆ’ ಅಂತ ಒಂದು ವಾಕ್ಯಕ್ಕೆ ತಳ್ಳಿದ್ದೀಯ. ಅಲ್ಲಿಂದ ತೆಗೆದು ನಡುಮನೆಗೆ ತಾ. ನಾವು ಪ್ರೀತಿಸುವ ವಸ್ತುವಿನ ತಪ್ಪನ್ನು ನಾವೇ ಸ್ಪಷ್ಟವಾಗಿ ಹೇಳಬೇಕು, ಬೇರೆಯವರಿಗೆ ಬಿಟ್ಟರೆ ಅವರು ಪ್ರೀತಿ ಇಲ್ಲದೆ ಹೇಳುತ್ತಾರೆ.

ಅದೇ ‘ಹಾಲಿಡೇ ಇನ್’ ಚಿತ್ರದಲ್ಲಿ ‘ವೈಟ್ ಕ್ರಿಸ್‌ಮಸ್’ ಹಾಡು ಇದೆ, ಇರ್ವಿಂಗ್ ಬರ್ಲಿನ್ ಬರೆದದ್ದು. ಈ ಹಾಡಿನ ಜೊತೆ ನನಗೊಂದು ಸಂಬಂಧ ಇದೆ, ನಿನ್ನ ಲೇಖನ ಓದಿದಾಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ಸೋದರಮಾವ ಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಲ್ಲಿ ಫಿಟ್ಟರ್ ಆಗಿದ್ದರು. ಆಗ ಅಲ್ಲಿ ಅಮೆರಿಕದ ಸೇನೆಯ ವಿಮಾನಗಳ ರಿಪೇರಿ ನಡೆಯುತ್ತಿತ್ತು, ಅವರ ಮೆಕ್ಯಾನಿಕ್ಕುಗಳೂ ಇದ್ದರು. ನಾನು ಹುಡುಗಿಯಾಗಿದ್ದಾಗಲೂ ಮಾವ ಸಂಜೆ ಮನೆಗೆ ಬಂದು ಹಿತ್ತಲಲ್ಲಿ ಕೈಗೆ ಹತ್ತಿದ ಗ್ರೀಸನ್ನು ಬೂದಿಯಿಂದ ತಿಕ್ಕುತ್ತಾ ಒಂದು ರಾಗವನ್ನು ಶಿಳ್ಳೆಯಲ್ಲಿ ಹಾಕುತ್ತಿದ್ದರು. ಯಾವ ಹಾಡು ಅಂದರೆ, ಗೊತ್ತಿಲ್ಲ ಕಣೇ, ಕಾರ್ಖಾನೆಯಲ್ಲಿ ಒಬ್ಬ ಬಿಳಿ ಹುಡುಗ ಹಾಕುತ್ತಿದ್ದ ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಒಂದು ಡಿಸೆಂಬರಿನಲ್ಲಿ ಬ್ರಿಗೇಡ್ ರಸ್ತೆಯ ಅಂಗಡಿಯೊಳಗಿಂದ ಅದೇ ರಾಗ ಕೇಳಿಸಿತು. ಕೊಳ್ಳಬೇಕಾದದ್ದನ್ನು ಮರೆತು ಹಾಡು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಮಾವ ಹಿಮ ನೋಡಿದವರಲ್ಲ. ಆ ಹುಡುಗ ಊರಿಗೆ ಮರಳಿದನೋ ಇಲ್ಲವೋ.

ಬರ್ಲಿನ್ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ ಮನೆಯವನು. ಇನ್ನೂ ತಿಂಗಳು ತುಂಬದ ಅವನ ಗಂಡುಮಗು 1928ರ ಡಿಸೆಂಬರ್ 25ರಂದು ತೀರಿಕೊಂಡಿತ್ತು. ಇದನ್ನು ಓದಿದ ಕೂಡಲೇ ‘ಆದ್ದರಿಂದಲೇ ಈ ಹಾಡು’ ಅಂತ ಬರೆಯುವ ಆಸೆ ನಿನಗೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಬರೆಯಬೇಡ. ಎರಡನ್ನೂ ಹತ್ತಿರದಲ್ಲಿಡು, ನಡುವೆ ‘ಆದ್ದರಿಂದ’ ಹಾಕಬೇಡ.

ಹಗುರ ಬರೆಯುವವರು ಭಾರ ಅರಿಯದವರು ಅನ್ನುವವರು ಸಿಕ್ಕರೆ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಕಥೆ ಹೇಳು. ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರೋಜರ್ಸ್ ಕುಣಿದ ‘ಸ್ವಿಂಗ್ ಟೈಮ್’ ಮಾಡಿದವನು, 1943ರಲ್ಲಿ ಯುದ್ಧಕಾಲದ ವಾಷಿಂಗ್ಟನ್ನಿನ ಬಾಡಿಗೆ ಮನೆಯ ಗೋಳನ್ನೇ ನಗೆಯ ಚಿತ್ರ ಮಾಡಿದವನು. ಆಮೇಲೆ ಕ್ಯಾಮೆರಾ ಹೊತ್ತು ಸೇನೆಯ ಜೊತೆ ಯುರೋಪಿಗೆ ಹೋದ. ನಾಜಿಗಳ ಡಖಾವ್ ಸೆರೆಶಿಬಿರದ ಬಾಗಿಲು ತೆರೆದಾಗ ಅಲ್ಲಿದ್ದದ್ದನ್ನು ಚಿತ್ರಿಸಿದ. ಮರಳಿ ಬಂದು ದೊಡ್ಡ ಚಿತ್ರಗಳನ್ನು ಮಾಡಿದ, ನಗೆಯ ಚಿತ್ರ ಮಾತ್ರ ಮತ್ತೆ ಮಾಡಲಿಲ್ಲ. ಆ ಹಗುರತನಕ್ಕೆ ಎಷ್ಟು ಬಲ ಬೇಕಾಗಿತ್ತು ಅಂತ ನನಗೆ ಅರ್ಥವಾದದ್ದು ಅವನಿಂದ.

ಸರಿ, ಕೆಲಸಕ್ಕೆ ಬರೋಣ. ಹನ್ನೊಂದರಲ್ಲಿ ನಾಲ್ಕು ಪುಟ ಬರೀ ಕಥಾಸಾರ ಇದೆ, ತೆಗೆ. ಸೈನಿಕರ ಮನರಂಜನೆಗೆ ತೆರೆದ ಕ್ಯಾಂಟೀನಿನ ಮೇಲೆ ಬಂದ ಚಿತ್ರಗಳ ಭಾಗ ಇರಲಿ, ಆದರೆ ನಟರ ಪಟ್ಟಿ ಬೇಡ. 1942ರ ಅಕ್ಟೋಬರ್ 3ರಂದು ತಾರೆಯರಾದ ಬೆಟ್ಟಿ ಡೇವಿಸ್, ಜಾನ್ ಗಾರ್‌ಫೀಲ್ಡ್ ಮುಂದೆ ನಿಂತು ತೆರೆದ ಆ ಹಾಲಿವುಡ್ ಕ್ಯಾಂಟೀನಿಗೆ ಸೈನಿಕನ ಸಮವಸ್ತ್ರವೇ ಟಿಕೆಟ್ಟಾಗಿತ್ತು ಅನ್ನುವುದೊಂದು ಸಾಕು. ಲೇಖನವನ್ನು ಟೂಟಿಯಿಂದ ಶುರುಮಾಡು, ಯುದ್ಧದ ಇಸವಿ ಎರಡನೇ ಪುಟಕ್ಕೆ ಬಂದರೆ ಸಾಕು. ಗಾರ್ಲೆಂಡ್ ಹಾಡುವಾಗ ತಂಗಿಯನ್ನು ಎಷ್ಟು ಸಲ ನೋಡುತ್ತಾಳೆ, ಎಷ್ಟು ಸಲ ಹೊರಗೆ ನೋಡುತ್ತಾಳೆ, ಎಣಿಸಿ ಬರೆದುಕೋ.

ಎರಡನೇ ಕರಡನ್ನು ಮೊಬೈಲಿಗೆ ಕಳಿಸಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ. ಪ್ರಿಂಟ್ ತೆಗೆಸಿ, ಸಾಲಿನ ನಡುವೆ ಜಾಗ ಬಿಟ್ಟು, ಅಂಚೆಗೆ ಹಾಕು. ಅಮ್ಮನಿಗೆ ನನ್ನ ನೆನಪು ಹೇಳು.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮನ ಗೆಳತಿ