ಆ ಎರಡು ಸಾಲಿನ ಬಗ್ಗೆ, ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕಲಾವಿದರು ರಾಜಕೀಯದ ಗೊಡವೆಗೆ ಹೋಗದೆ ಸುಮ್ನೆ ಹಾಡಿಕೊಂಡಿದ್ದರೆ ಸಾಕು ಅಂತ ನೀವು ಹೇಳಿದ್ದನ್ನು ಓದಿದೆ. ಇಪ್ಪತ್ತು ವರ್ಷದಿಂದ ತಂಡ ಕಟ್ಟಿಕೊಂಡು ಹಾಡುತ್ತಿರುವವಳು ನಾನು. ಆ ಮಾತು ನೋವು ಕೊಟ್ಟಿತು.

ಒಮ್ಮೆ ಸರ್ಕಾರಿ ಸಭಾಂಗಣಕ್ಕೆ ಅರ್ಜಿ ಹಾಕಿದ್ದೆವು. ಹಾಡುಗಳ ಸಾಹಿತ್ಯ ಮೊದಲೇ ಕೊಡಿ ಎಂದರು. ಕೊಟ್ಟೆವು. ವಾಪಸ್ ಬಂದ ಹಾಳೆಯಲ್ಲಿ ಎರಡು ಸಾಲಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಭೂಮಿ ಕಳೆದುಕೊಂಡವರ ಬಗ್ಗೆ ಇದ್ದ ಸಾಲುಗಳು. ಬೈಗುಳ ಇರಲಿಲ್ಲ, ಯಾರ ಹೆಸರೂ ಇರಲಿಲ್ಲ. ಕೇಳಿದರೆ, ‘ಮೇಲಿನವರು ಹೇಳಿದ್ದಾರೆ’ ಎಂಬ ಉತ್ತರ. ಹಾಡುವಾಗ ಆ ಜಾಗ ಬಂದಾಗ ನಾವು ಬಾಯಿ ಮುಚ್ಚಿ ನಿಂತೆವು. ಹಾರ್ಮೋನಿಯಂ ಮಾತ್ರ ನುಡಿಯಿತು. ಮುಗಿದ ಮೇಲೆ ಹಿರಿಯರೊಬ್ಬರು ವೇದಿಕೆಯ ಹಿಂದೆ ಹುಡುಕಿಕೊಂಡು ಬಂದರು. ‘ಅಲ್ಲೇನೋ ಸಾಲಿತ್ತು, ಅಲ್ವಾ ಮಗಳೇ?’ ಅಂದರು. ಹೇಳಿದೆ. ಆಹ್ವಾನ ಪತ್ರಿಕೆಯ ಹಿಂದೆ ಬರೆದುಕೊಂಡು, ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಗ್ರೀಸ್‌ನಲ್ಲಿ 1967ರಲ್ಲಿ ಸೇನೆ ಅಧಿಕಾರ ಹಿಡಿದಾಗ ಸಂಗೀತ ಸಂಯೋಜಕ ಮಿಕಿಸ್ ಥಿಯೋಡೊರಾಕಿಸ್ ಅವರ ಸಂಗೀತವನ್ನು ನುಡಿಸುವುದಿರಲಿ, ಕೇಳುವುದನ್ನೂ ನಿಷೇಧಿಸಿತು. ಅವರನ್ನು ಜೈಲಿಗೂ ಹಾಕಿತು. 1974ರಲ್ಲಿ ಆ ಆಡಳಿತವೇ ಬಿತ್ತು. ಅವರು ಮುಂದೆ ಸಂಸತ್ತಿಗೆ ಆರಿಸಿ ಬಂದು, 1990ರಲ್ಲಿ ನಿಮ್ಮ ಹಾಗೆ ಸಚಿವರೂ ಆದರು. ದಕ್ಷಿಣ ಆಫ್ರಿಕಾದ ಹಾಡುಗಾರ್ತಿ ಮಿರಿಯಮ್ ಮಕೇಬಾ 1960ರಲ್ಲಿ ವಿದೇಶದಿಂದ ತಾಯಿಯ ಅಂತ್ಯಕ್ರಿಯೆಗೆ ಹೊರಟರೆ ಪಾಸ್‌ಪೋರ್ಟೇ ರದ್ದಾಗಿತ್ತು. ಮತ್ತೆ ತಾಯ್ನಾಡಿಗೆ ಕಾಲಿಟ್ಟದ್ದು 1990ರಲ್ಲಿ. ಮೂವತ್ತು ವರ್ಷ! ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹಾಡಿನ ಶಕ್ತಿ ನಿಮಗೂ ಚೆನ್ನಾಗಿ ಗೊತ್ತು. ನೀವು ಚುನಾವಣಾ ಸಭೆಗೆ ಬರುವ ಮುಂಚೆ ಹಾಡು ಹಾಕಿಯೇ ಜನ ಸೇರಿಸುತ್ತಾರೆ. ನಿಮ್ಮನ್ನು ಹೊಗಳಿದರೆ ಅದು ಸಂಗೀತ, ನಮ್ಮ ಕಷ್ಟ ಹೇಳಿಕೊಂಡರೆ ರಾಜಕೀಯ. ಇದು ಯಾವ ನ್ಯಾಯ ಸಾರ್?

ಹಾಡು ಬೆಂಕಿ ಹಚ್ಚಿದರೆ ಏನು ಮಾಡೋದು ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ರುವಾಂಡಾದ ಹಾಡುಗಾರ ಸಿಮೋನ್ ಬಿಕಿಂಡಿಗೆ 2008ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ 15 ವರ್ಷ ಶಿಕ್ಷೆ ವಿಧಿಸಿತು. ಅವನ ಹಾಡುಗಳನ್ನೂ ವಿಚಾರಣೆಯಲ್ಲಿ ಒಂದೊಂದಾಗಿ ಪರಿಶೀಲಿಸಿದರು. ಆದರೆ ಶಿಕ್ಷೆಯಾದದ್ದು 1994ರಲ್ಲಿ ಅಲ್ಲಿ ನಡೆದ ಹತ್ಯಾಕಾಂಡದ ವೇಳೆ ಧ್ವನಿವರ್ಧಕ ಹಿಡಿದು ಕೊಲ್ಲಿರಿ ಎಂದು ಕರೆ ಕೊಟ್ಟದ್ದಕ್ಕೆ. ಹತ್ಯಾಕಾಂಡದಂಥ ಪ್ರಕರಣದಲ್ಲೇ ಸಾಕ್ಷಿ, ವಾದ, ತೀರ್ಪು ಎಲ್ಲ ಆಗಿ ಇಷ್ಟು ಬಿಡಿಸಿ ನೋಡಿದರು. ನಮ್ಮ ಎರಡು ಸಾಲಿಗೆ ಒಂದು ಕೆಂಪು ಪೆನ್ನು ಸಾಕಾಯಿತು. ಗೆರೆ ಎಳೆದವರ ಹೆಸರೂ ನಮಗೆ ಗೊತ್ತಾಗಲಿಲ್ಲ.

ನಾನು ಕೇಳುತ್ತಿರುವುದು ಜಾಸ್ತಿ ಏನಲ್ಲ. ಸಭಾಂಗಣದ ಅರ್ಜಿಯಿಂದ ‘ಹಾಡುಗಳ ಸಾಹಿತ್ಯ ಲಗತ್ತಿಸಿ’ ಎಂಬ ಸಾಲು ತೆಗೆಸಿ. ತಪ್ಪು ಹಾಡಿದರೆ ದೂರು ಕೊಡಲಿ, ಕೋರ್ಟಿನಲ್ಲಿ ಉತ್ತರ ಕೊಡುತ್ತೇವೆ.

ಮುಂದಿನ ವಾರ ಮತ್ತೆ ಅರ್ಜಿ ಹಾಕುತ್ತಿದ್ದೇವೆ. ಈ ಸಲ ಹಾಳೆ ಲಗತ್ತಿಸುವುದಿಲ್ಲ. ಅನುಮತಿ ಸಿಕ್ಕರೆ ಮೊದಲ ಸಾಲಿನಲ್ಲಿ ನಿಮಗೊಂದು ಕುರ್ಚಿ ಇರುತ್ತದೆ. ದಯವಿಟ್ಟು ಬನ್ನಿ.

ಇಂತಿ,
ಒಬ್ಬ ಹಾಡುಗಾರ್ತಿ