ಅಲ್ಫಾಮಾದ ಅಜ್ಜಿಗೆ

ಲಿಸ್ಬನ್ನಿನ ಅಲ್ಫಾಮಾದಲ್ಲಿ ಕಿಟಕಿಯಾಚೆ ಬಟ್ಟೆ ಹರವುತ್ತಿದ್ದ ಅಜ್ಜಿ, ನಿಮ್ಮ ಹೆಸರು ಕೇಳದೆಯೇ ಬಂದುಬಿಟ್ಟೆ. ಒಂದೇ ಓಣಿಗೆ ಮೂರನೆಯ ಸಲ ಏದುಸಿರು ಬಿಡುತ್ತಾ ಬಂದ ನನ್ನನ್ನು ಕಂಡು ನಕ್ಕು, ಕೆಳಗಿಳಿದು ಬಂದಿರಿ. ಮೊಬೈಲಿನ ನಕ್ಷೆಗೆ ಮೆಟ್ಟಿಲುಗಳ ಕಷ್ಟ ಏನು ಗೊತ್ತು! ನೀವು ಕೈಸನ್ನೆಯಲ್ಲೇ ಊರನ್ನು ಬಿಡಿಸಿಟ್ಟಿರಿ: ಹತ್ತುತ್ತಾ ಹೋದರೆ ಸಾವೊ ಜಾರ್ಜ್ ಕೋಟೆ, ಇಳಿಯುತ್ತಾ ಹೋದರೆ ತೇಜೊ ನದಿ, ನದಿಯನ್ನು ಎಡಕ್ಕಿಟ್ಟುಕೊಂಡು ನಡೆದರೆ ಬೈಷಾ. 1755ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಬೈಷಾದ ಬೀದಿಗಳು ಗೆರೆ ಎಳೆದಂತೆ ನೇರ; ಅಲ್ಲಿ ನನ್ನಂಥವಳೂ ದಾರಿ ತಪ್ಪಲಾರಳು. ಅಲ್ಲಿಂದ ಆಚೆಯ ಏರು ಶಿಯಾದೊ, ಅದರ ಮೇಲೆ ಬೈರೊ ಆಲ್ತೊ. ಆಮೇಲಿನ ನಾಲ್ಕು ದಿನ ನಕ್ಷೆ ತೆರೆಯಲಿಲ್ಲ. ಅಂದು ನಿಮ್ಮಲ್ಲಿಂದ ಹೊರಡುವಾಗ ‘ಒಬ್ರಿಗಾದು’ ಎಂದೆ, ಪೋರ್ಚುಗೀಸಿನಲ್ಲಿ ಧನ್ಯವಾದ. ಹೆಂಗಸರು ‘ಒಬ್ರಿಗಾದ’ ಎನ್ನಬೇಕೆಂದು ತಿದ್ದಿದಿರಿ. ಈಗ ಸರಿಯಾಗಿ ಹೇಳುತ್ತಿದ್ದೇನೆ: ಒಬ್ರಿಗಾದ, ಅಜ್ಜಿ.